ಸಹಾಯ ಬೇಕು: ಬ್ಲೂಗ್ರಾಸ್ ಗಾಸ್ಪೆಲ್‌ನಲ್ಲಿ ಬ್ಯಾರಿಟೋನ್ ದನಿ ಹಿಡಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಶೈಲಿಯ ಸಂಗೀತದ ಬಿಲ್ ಮನ್ರೋ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡದ ಹಾಡುಗಳಲ್ಲಿ ಮುಳುಗಿದ್ದೇನೆ. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಬಂದ ಮೇಲಿನ ಮೂರು ಬೆರಳಿನ ಬ್ಯಾಂಜೋ ಎಷ್ಟು ಕೇಳಿದರೂ ಸಾಲದು. ಆದರೆ ನನ್ನನ್ನು ಜಾಸ್ತಿ ಹಿಡಿದಿಟ್ಟಿರುವುದು ಅವರ ಗಾಸ್ಪೆಲ್ (ಕ್ರೈಸ್ತ ಭಕ್ತಿ) ಹಾಡುಗಳು. ಅಲ್ಲಿ ಬ್ಯಾಂಜೋ, ಫಿಡಲ್ ಹೆಚ್ಚಾಗಿ ಸುಮ್ನಿರುತ್ತವೆ. ಮ್ಯಾಂಡೊಲಿನ್, ಗಿಟಾರ್, ನಾಲ್ಕು ದನಿ, ಅಷ್ಟೇ. ಎಂಥ ಸೊಗಸು ಅಲ್ವಾ!

ಮನ್ರೋ ಅವರ ಎತ್ತರದ ಟೆನರ್ ದನಿ ತಕ್ಷಣ ಗೊತ್ತಾಗುತ್ತದೆ. ಎಲ್ಲಕ್ಕಿಂತ ಕೆಳಗಿನ ಬೇಸ್ ದನಿ ಕೂಡ. ಲೀಡ್ (ಮುಖ್ಯ ರಾಗ ಹಾಡುವ ದನಿ) ಜೊತೆ ಬೆರೆತ ಬ್ಯಾರಿಟೋನ್ (ಸಾಮಾನ್ಯವಾಗಿ ಲೀಡ್‌ಗಿಂತ ಸ್ವಲ್ಪ ಕೆಳಗಿನ ದನಿ) ಮಾತ್ರ ನನ್ನ ಕಿವಿಗೆ ಸಿಗುತ್ತಿಲ್ಲ. ನಾವು ನಾಲ್ವರು ಗೆಳೆಯರು ಹಾಡಲು ಹೊರಟಿದ್ದೇವೆ, ಆ ಭಾಗ ನನ್ನದೇ. ಹಾಡಲು ಹೋದರೆ ಲೀಡ್‌ಗೇ ಜಾರಿಬಿಡುತ್ತೇನೆ.

ಚರ್ಚ್ ಕಾಯರ್‌ನಲ್ಲಿ ಹಾಡಿದವರು ಇಲ್ಲಿ ಇದ್ದೀರಾ? ಮೊದಲು ಹೇಗೆ ಅಭ್ಯಾಸ ಮಾಡಿದಿರಿ? ಯಾವ ನಿಧಾನದ ಹಾಡಿನಿಂದ ಶುರು ಮಾಡಲಿ? ದಯವಿಟ್ಟು ತಿಳಿಸಿ.