ಸಹಾಯ ಬೇಕು: ವಿಜಯನಗರದ ಹತ್ತಿರ ಮಗಳಿಗೆ ಜೊತೆಗಾರರು ಸಿಗುವ ಜಾಗ ಇದೆಯಾ?

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಶಿರಸಿಯಿಂದ ಬೆಂಗಳೂರಿಗೆ ಬಂದೆವು. ಮಗಳಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಊರಲ್ಲಿ ಸಂಜೆಯಾದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಶಾಲೆ, ಟ್ಯೂಷನ್, ಆಮೇಲೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಊಟ ಕಡಿಮೆ. ರಾತ್ರಿ ಒಂದಾದರೂ ನಿದ್ದೆ ಇಲ್ಲ. "ಏನಾಯ್ತು ಪುಟ್ಟಿ" ಅಂದರೆ "ಏನಿಲ್ಲ" ಅಷ್ಟೇ.

ದೀಪಾವಳಿಗೆ ಊರಿಗೆ ಹೋದಾಗ ಎರಡೇ ದಿನಕ್ಕೆ ಹಳೆಯ ಹುಡುಗಿಯಾದಳು. ಚಿಕ್ಕಪ್ಪನ ಮಕ್ಕಳ ಜೊತೆ ಜಗಲಿಯಲ್ಲಿ ಹರಟೆ, ಅಜ್ಜಿಯ ಪಕ್ಕ ಕೂತು ಎರಡು ಸಲ ಬಡಿಸಿಕೊಂಡು ಊಟ. ಇಲ್ಲಿಗೆ ಬಂದ ಮೇಲೆ ಮತ್ತೆ ಅದೇ.

ಮೊದಲು ಎಲ್ಲಾ ಮೊಬೈಲಿನದೇ ತಪ್ಪು ಅಂದುಕೊಂಡು ಕಿತ್ತಿಟ್ಟಿದ್ದೆ. ಊರಿನ ಗೆಳತಿಯರ ಮಾತೂ ನಿಂತುಹೋಯಿತು. ಅದು ನನ್ನ ತಪ್ಪು, ಈಗಲೂ ನೋವಾಗುತ್ತದೆ. ಅವರ ಜೊತೆ ಮಾತಾಡಿದ ದಿನ ಹಗುರಾಗಿ ಇರುತ್ತಾಳೆ. ಒಬ್ಬಳೇ ಸುಮ್ನೆ ರೀಲ್ಸ್ ನೋಡಿದ ದಿನ ಸಿಡಿಮಿಡಿ ಜಾಸ್ತಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಸಿಗುತ್ತಾರೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಮುಂದಿನ ವಾರ ಆಪ್ತಸಮಾಲೋಚಕರನ್ನೂ ಕಾಣುತ್ತೇವೆ.

ಆದರೆ ಅವಳಿಗೆ ತನ್ನ ವಯಸ್ಸಿನವರೂ ಬೇಕು, ಅಲ್ವಾ? ಊರಲ್ಲಿ ಎರಡು ವರ್ಷ ಯಕ್ಷಗಾನದ ಹೆಜ್ಜೆ ಕಲಿತಿದ್ದಳು. ಈ ಕಡೆ ಬಡಗುತಿಟ್ಟು (ನಮ್ಮೂರ ಕಡೆಯ ಯಕ್ಷಗಾನ ಶೈಲಿ) ಕಲಿಸುವವರು ಇದ್ದಾರಾ? ಇಲ್ಲದಿದ್ದರೆ ನಾಟಕ, ಶಟಲ್ ಆದರೂ ಸರಿ. ಸ್ಪರ್ಧೆ, ಸರ್ಟಿಫಿಕೇಟು ಬೇಡ. ಅದೇ ವಯಸ್ಸಿನ ಮಕ್ಕಳಿರುವ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ತಿಳಿಸಿ. ಭಾನುವಾರ ಎಲ್ಲಿಗೆ ಹೇಳಿದರೂ ನಾನೇ ಕರೆದುಕೊಂಡು ಬರುತ್ತೇನೆ.