‘ಅಕಾಡೆಮಿಕ್’ ಚಿತ್ರಕಾರರನ್ನು ಕನ್ನಡದಲ್ಲಿ ಏನೆನ್ನೋಣ?

ಕಾನರ್ ವಾಲ್ಟನ್ ಎಂಬ ಐರಿಷ್ ಚಿತ್ರಕಾರರ ಬಗ್ಗೆ ಕಿರುಲೇಖನವೊಂದನ್ನು ಬರೆಯುತ್ತಿದ್ದೇನೆ. 1970ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವರು, ಈಗಲೂ ಚಿತ್ರ ಬರೆಯುತ್ತಿರುವವರು. ಯುರೋಪಿನ ಹಳೆಯ ಕಲಾ ಅಕಾಡೆಮಿಗಳ ಕ್ರಮದಲ್ಲಿ ಕಲಿತ ಇಂಥವರನ್ನು ಇಂಗ್ಲಿಷಿನವರು ‘ಕ್ಲಾಸಿಕಲ್ ಅಕಾಡೆಮಿಕ್’ ಪರಂಪರೆಯವರು ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಆ ಎರಡಕ್ಕೂ ನಮ್ಮಲ್ಲಿ ಸಿದ್ಧಪದಗಳಿವೆ. ತೊಡಕು ಶುರುವಾಗುವುದೇ ಅಲ್ಲಿಂದ.

‘ಶಾಸ್ತ್ರೀಯ’ ಎಂದೊಡನೆ ನಮಗೆ ಸಂಗೀತ ಕೇಳಿಸುತ್ತದೆ. ಚಿತ್ರಕ್ಕೆ ಹಚ್ಚಿದರೆ ತಾಳಮಾನ, ಚಿತ್ರಸೂತ್ರಗಳಂಥ ನಮ್ಮ ಪ್ರಾಚೀನ ಅಳತೆ-ನಿಯಮಗಳ ಕಡೆಗೆ ಮನಸ್ಸು ಹೋಗುತ್ತದೆ. ‘ಸಾಂಪ್ರದಾಯಿಕ’ ಎಂದರೆ ಚಿನ್ನದ ರೇಕಿನ ಮೈಸೂರು ಶೈಲಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ‘ಅಕಾಡೆಮಿಕ್’ ಎಂದು ಹಾಗೆಯೇ ಬಿಟ್ಟರೆ ಲಲಿತಕಲಾ ಅಕಾಡೆಮಿಯ ಪ್ರಶಸ್ತಿ ಪಡೆದವರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೋ ಎಂಬ ಗುಮಾನಿ. ಪತ್ರಿಕೆಗಳಿಗೆ ಪ್ರಿಯವಾದ ‘ವಾಸ್ತವವಾದಿ’ಯಂತೂ ತಿರುಗುಬಾಣ: 19ನೇ ಶತಮಾನದ ಫ್ರಾನ್ಸಿನಲ್ಲಿ ಕೂರ್ಬೆ ಎಂಬ ಚಿತ್ರಕಾರ ಅಕಾಡೆಮಿಯ ಅಭಿರುಚಿಗೆ ಎದುರಾಗಿ ಹಾರಿಸಿದ ಬಾವುಟವೇ ಅದು.

ವಾಲ್ಟನ್ ಡಬ್ಲಿನ್‌ನ ರಾಷ್ಟ್ರೀಯ ಕಲಾ ಮತ್ತು ವಿನ್ಯಾಸ ಕಾಲೇಜಿನಲ್ಲಿ ಓದಿದ ಮೇಲೆ ಫ್ಲಾರೆನ್ಸ್‌ಗೆ ಹೋಗಿ ಚಾರ್ಲ್ಸ್ ಸೆಸಿಲ್ ಎಂಬ ಚಿತ್ರಕಾರರ ಬಳಿ ಕಲಿತರು. ಅಲ್ಲಿನ ಪಾಠದ ಬೆನ್ನೆಲುಬು ‘ಸೈಟ್-ಸೈಜ್’ ಎಂಬ ಕ್ರಮ. ಎದುರಿಗೆ ಕುಳಿತ ವ್ಯಕ್ತಿಯ ಪಕ್ಕಕ್ಕೇ ಕ್ಯಾನ್ವಾಸನ್ನು ನಿಲ್ಲಿಸುತ್ತಾರೆ. ಚಿತ್ರಕಾರ ಕೆಲವು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಅಲ್ಲಿಂದ ವ್ಯಕ್ತಿಯೂ ಚಿತ್ರವೂ ಒಂದೇ ಅಳತೆಗೆ ಕಾಣಬೇಕು. ಎರಡನ್ನೂ ಒಂದೇ ನೋಟದಲ್ಲಿ ಹೋಲಿಸಿ, ವ್ಯತ್ಯಾಸವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮುಂದೆ ನಡೆದು ಒಂದು ಗೀಟು ಎಳೆಯುತ್ತಾನೆ, ಮತ್ತೆ ಹಿಂದೆ ಬರುತ್ತಾನೆ. ಕುಂಚ ಕ್ಯಾನ್ವಾಸಿಗೆ ತಾಗುವ ಹೊತ್ತಿಗೆ ಅವನು ನಂಬಬೇಕಾದದ್ದು ನೆನಪನ್ನು. ದಿನವಿಡೀ ಇದೇ ನಡಿಗೆ.

ಹೀಗಾಗಿ ‘ಅಕಾಡೆಮಿಕ್’ ಎಂಬುದು ಚಿತ್ರದ ಚಹರೆಗಿಂತ ಹೆಚ್ಚಾಗಿ ಕಲಿಕೆಯ ಹೆಸರು ಎಂದು ನನಗನ್ನಿಸುತ್ತದೆ. ‘ಶೈಲಿ’ ಎಂದು ಬಾಲ ಅಂಟಿಸುವ ನಮ್ಮ ರೂಢಿಯನ್ನು ಇಲ್ಲಿಯಾದರೂ ಬಿಡಬಹುದು.

ಹಳೆಯ ಪದವೊಂದು ಆಸೆ ಹುಟ್ಟಿಸುತ್ತಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತದ್ದಾದರೂ ನಮ್ಮ ನೆಲದ್ದು. ಅದರಲ್ಲಿ ಕನ್ನಡಿಯ ಬಿಂಬದಂತೆ ಸಾದೃಶ್ಯವಿರುವ ಚಿತ್ರಕ್ಕೆ ‘ವಿದ್ಧ’ ಎಂದೂ, ಆಕಾರ ಹೊಳೆದರೆ ಸಾಕು ಎನ್ನುವಂಥದ್ದಕ್ಕೆ ‘ಅವಿದ್ಧ’ ಎಂದೂ ಹೆಸರು. ‘ವಿದ್ಧಚಿತ್ರ’ ಎಂದರೆ ಒಳ್ಳೆಯ ಗತ್ತು ಬರುತ್ತದೆ, ಒಪ್ಪುತ್ತೇನೆ. ಆದರೆ ‘ಚುಚ್ಚಿದ’ ಎಂಬ ಮೂಲಾರ್ಥವನ್ನು ಇಂದಿನ ಓದುಗರಿಗೆ ಯಾರು ಬಿಡಿಸಿ ಹೇಳಬೇಕು? ಅದಲ್ಲದೆ, ವಾಲ್ಟನ್ ಬರಿಯ ಕನ್ನಡಿ ಹಿಡಿಯುವವರಲ್ಲ. ನಾವು ಎಲ್ಲಿಂದ ಬಂದೆವು, ನಾವು ಯಾರು, ಎಲ್ಲಿಗೆ ಹೊರಟಿದ್ದೇವೆ ಎಂಬ, ಫ್ರೆಂಚ್ ಚಿತ್ರಕಾರ ಗೋಗ್ಯಾನ ಪ್ರಸಿದ್ಧ ಚಿತ್ರಶೀರ್ಷಿಕೆಯ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ತಮ್ಮ ಚಿತ್ರಗಳ ಕೆಲಸ ಎಂದು ಹೇಳಿಕೊಂಡಿದ್ದಾರೆ. ಅಕಾಡೆಮಿಯ ದಾರಿಯನ್ನೇ ತೊರೆದ ಗೋಗ್ಯಾನನ್ನು ಇವರು ಸಾಕ್ಷಿಗೆ ಕರೆಯುವುದು ಸ್ವಾರಸ್ಯವಾಗಿದೆ.

ಸದ್ಯಕ್ಕೆ ‘ಅಕಾಡೆಮಿ ಪದ್ಧತಿಯಲ್ಲಿ ಪಳಗಿದ ಚಿತ್ರಕಾರ’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಲ್ಲ. ಇದಕ್ಕಿಂತ ಚಿಕ್ಕದು ಯಾರ ಬಳಿಯಾದರೂ ಇದೆಯೇ?

ಇನ್ನೊಂದು ಉಪಪ್ರಶ್ನೆ. ವಾಲ್ಟನ್ ‘ಸ್ಟಿಲ್ ಲೈಫ್’ ಕೂಡ, ಅಂದರೆ ಹಣ್ಣು, ಹೂವು, ಪಾತ್ರೆಯಂಥ ವಸ್ತುಗಳನ್ನು ಜೋಡಿಸಿಟ್ಟು ನೋಡಿ ಬರೆಯುವ ಚಿತ್ರಗಳನ್ನೂ, ಬರೆಯುತ್ತಾರೆ. ‘ಸ್ತಬ್ಧಚಿತ್ರ’ ದಸರಾ ಮೆರವಣಿಗೆಗೆ ಹೋಯಿತು, ‘ಸ್ಥಿರಚಿತ್ರ’ ಸಿನಿಮಾದವರ ಪಾಲಾಯಿತು. ಉಳಿದಿರುವ ‘ಜಡವಸ್ತು ಚಿತ್ರ’ ಹಣ್ಣು, ಹೂವುಗಳಿಗೆ ಒಗ್ಗುತ್ತದೆಯೇ? ಫ್ರೆಂಚರು ‘ಸತ್ತ ಪ್ರಕೃತಿ’ ಎಂದೇ ಅನ್ನುವುದರಿಂದ ನಾವು ಅಷ್ಟು ಸಂಕೋಚಪಡಬೇಕಿಲ್ಲವೇನೋ. ಕಲಾಶಾಲೆಗಳ ತರಗತಿಗಳಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂಬುದನ್ನು ಅಲ್ಲಿ ಕಲಿತವರು, ಕಲಿಸುವವರು ತಿಳಿಸಿದರೆ ಅದನ್ನೇ ಬಳಸುತ್ತೇನೆ.