ಜಾರ್ಜಿಯಾ, ಸಮೋವಾ ಥರದ ರಗ್ಬಿ ತಂಡಗಳಿಗೆ ದೊಡ್ಡವರ ಜೊತೆ ಆಡೋ ಅವಕಾಶ ಸಿಗೋದು ಯಾವಾಗ?

ರಗ್ಬಿ_ರಘು:
ಇಲ್ಲಿ ರಗ್ಬಿ ನೋಡೋರು ಬೆರಳೆಣಿಕೆಯಷ್ಟು ಜನ ಅಂತ ಗೊತ್ತು, ಆದರೂ ಕೇಳಿಬಿಡ್ತೇನೆ. ಜಾರ್ಜಿಯಾ 2022ರ ಜುಲೈನಲ್ಲಿ ತನ್ನದೇ ಬಟುಮಿಯಲ್ಲಿ ಇಟಲಿಯನ್ನು 28-19ರಿಂದ ಸೋಲಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಕಾರ್ಡಿಫ್‌ಗೇ ಹೋಗಿ ವೇಲ್ಸ್ ವಿರುದ್ಧ 13-12ರಿಂದ ಗೆದ್ದು ಬಂತು. ಯುರೋಪಿನ ಎರಡನೇ ಹಂತದ ಟೂರ್ನಿಯನ್ನು 2018ರಿಂದ 2025ರವರೆಗೆ ಒಂದು ವರ್ಷವೂ ಬಿಡದೆ ಗೆದ್ದಿದೆ. ಆದರೂ ಸಿಕ್ಸ್ ನೇಷನ್ಸ್ (ಇಂಗ್ಲೆಂಡ್, ಫ್ರಾನ್ಸ್, ಐರ್ಲೆಂಡ್, ಇಟಲಿ, ಸ್ಕಾಟ್ಲೆಂಡ್, ವೇಲ್ಸ್ ವರ್ಷ ವರ್ಷ ಆಡೋ ಟೂರ್ನಿ) ಒಳಗೆ ಬಿಟ್ಟುಕೊಳ್ಳಲ್ಲ. ಅಲ್ಲಿ ಕೊನೇ ಸ್ಥಾನಕ್ಕೆ ಬಂದವರು ಕೆಳಗೆ ಇಳಿಯೋ ಪದ್ಧತಿಯೇ ಇಲ್ಲ. ಇಟಲಿ ಅಲ್ಲಿ 2015ರಿಂದ 2022ರವರೆಗೆ ಸತತ 36 ಪಂದ್ಯ ಸೋತಿತು, ಅದರ ಜಾಗ ಅಲ್ಲಾಡಲಿಲ್ಲ.

ಈಗ 2026ರಿಂದ ನೇಷನ್ಸ್ ಚಾಂಪಿಯನ್‌ಶಿಪ್ ಅಂತ ಮಾಡಿದ್ದಾರೆ. 12 ತಂಡ. ಸಿಕ್ಸ್ ನೇಷನ್ಸ್‌ನ ಆರು, ದಕ್ಷಿಣದ ನಾಲ್ಕು (ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಅರ್ಜೆಂಟೀನಾ), ಜೊತೆಗೆ ಜಪಾನ್ ಮತ್ತು ಫಿಜಿ. ಜಾರ್ಜಿಯಾ, ಸಮೋವಾ, ಟೊಂಗಾ, ಪೋರ್ಚುಗಲ್, ಉರುಗ್ವೆ ಎಲ್ಲ ಕೆಳಗಿನ ಟೂರ್ನಿಗೆ. ಮೇಲೆ ಹತ್ತೋ ಅವಕಾಶ 2030ರಿಂದ ಅಂತ 2023ರಲ್ಲಿ ಪ್ಯಾರಿಸ್‌ನಲ್ಲಿ ಓಟು ಹಾಕಿದಾಗಲೇ ಹೇಳಿದ್ದರು. ನಿಮಗೆ ಏನನ್ನಿಸುತ್ತೆ? ಇದರಿಂದ ಸಣ್ಣ ತಂಡಗಳಿಗೆ ಉಪಯೋಗನಾ, ಅಥವಾ ಇದ್ದ ಒಂದೆರಡು ಪಂದ್ಯಕ್ಕೂ ಕಲ್ಲು ಬಿತ್ತಾ?

ಶಿವು_ಹಾಸನ:
ನಾನು ಸ್ವಲ್ಪ ನಿಷ್ಠುರವಾಗಿ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಜಾರ್ಜಿಯಾ ಒಂದನ್ನು ಬಿಟ್ಟು ಬೇರೆಯವರ ಸ್ಕೋರ್ ನೋಡಿದ್ದೀರಾ? 2023ರ ವಿಶ್ವಕಪ್‌ನಲ್ಲಿ ರೊಮೇನಿಯಾ ಐರ್ಲೆಂಡ್ ಎದುರು 82-8, ದಕ್ಷಿಣ ಆಫ್ರಿಕಾ ಎದುರು 76-0, ಸ್ಕಾಟ್ಲೆಂಡ್ ಎದುರು 84-0. ನಮೀಬಿಯಾ ಫ್ರಾನ್ಸ್ ಎದುರು 96-0. ಪೋರ್ಚುಗಲ್ ಬಗ್ಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು, 2025ರ ಜುಲೈನಲ್ಲಿ ಐರ್ಲೆಂಡ್ ಲಿಸ್ಬನ್‌ಗೆ ಬಂದು 106-7ರಿಂದ ಹೊಡೆದುಹಾಕಿತು. ಅದೂ ಹೇಗೆ? ಐರ್ಲೆಂಡಿನ ಮುಖ್ಯ ಆಟಗಾರರು ಆಗ ಲಯನ್ಸ್ (ಬ್ರಿಟನ್-ಐರ್ಲೆಂಡಿನ ಒಟ್ಟು ತಂಡ) ಜೊತೆ ಆಸ್ಟ್ರೇಲಿಯಾದಲ್ಲಿದ್ದರು! ಇಂಥ ಪಂದ್ಯದಿಂದ ಯಾರಿಗೆ ಏನು ಲಾಭ? ಇದು ಕ್ರಿಕೆಟ್ ಅಲ್ಲ, ಬೇಗ ಆಲೌಟ್ ಆಗಿ ಮನೆಗೆ ಹೋಗೋಕೆ. 80 ನಿಮಿಷ ಪೂರ್ತಿ ಮೈಮೇಲೆ ಬಂದು ಗುದ್ದುತ್ತಾರೆ. ತಯಾರಿ ಇಲ್ಲದ ತಂಡದವರಿಗೆ ಪೆಟ್ಟು ಬೀಳೋದೇ ಜಾಸ್ತಿ.

ಆಕ್ಲೆಂಡ್_ಅನು:
ಶಿವು ಅವರೇ, 145-17 ಅನ್ನೋ ಸ್ಕೋರ್ ನೆನಪಿದೆಯಾ? 1995ರ ವಿಶ್ವಕಪ್‌ನಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ನಮ್ಮ ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ತಂಡ, ಜಪಾನಿಗೆ ಹೊಡೆದದ್ದು. (ಇಲ್ಲಿ ಇಷ್ಟು ವರ್ಷ ಇದ್ದ ಮೇಲೆ "ನಮ್ಮ" ಅಂತ ಬಂದುಬಿಡುತ್ತೆ, ಕ್ಷಮಿಸಿ.) ಅದೇ ಜಪಾನ್ 2015ರಲ್ಲಿ ಬ್ರೈಟನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 34-32ರಿಂದ ಸೋಲಿಸಿತು. 2019ರಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. 1995ರ ಸ್ಕೋರ್ ನೋಡಿ "ಇವರ ಕೈಲಿ ಆಗಲ್ಲ, ಬಿಡಿ" ಅಂದಿದ್ದರೆ ಇದೆಲ್ಲ ಎಲ್ಲಿ ಆಗ್ತಿತ್ತು?

ಆದರೆ ನಾಲ್ಕು ವರ್ಷಕ್ಕೊಮ್ಮೆ ಕರೆದು ಹೊಡೆಸಿ ಕಳಿಸೋದು ಅವಕಾಶವೇ ಅಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಪದೇಪದೇ ಆಡಬೇಕು. ಫಿಜಿ ನೋಡಿ. ಫಿಜಿಯನ್ ದ್ರುವಾ ತಂಡ 2022ರಲ್ಲಿ ಸೂಪರ್ ರಗ್ಬಿಗೆ (ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಕ್ಲಬ್‌ಗಳು ಆಡೋ ಲೀಗ್) ಬಂತು. ಮೊದಲ ವರ್ಷ ಸೋಲೇ ಜಾಸ್ತಿ. ಎರಡನೇ ವರ್ಷ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರುಸೇಡರ್ಸ್ ಫಿಜಿಯ ಲೌಟೋಕಾಗೆ ಹೋದರು. ಅದು ಎಂಥ ತಂಡ ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ, ಟ್ರೋಫಿ ಇಡೋಕೆ ಜಾಗ ಇಲ್ಲ ಅವರಿಗೆ. ಲೌಟೋಕಾದ ಆ ಸೆಕೆ ಬೇರೆ. ಕೊನೇ ಗಳಿಗೆಯ ಪೆನಾಲ್ಟಿ ಕಿಕ್‌ನಲ್ಲಿ ದ್ರುವಾ 25-24ರಿಂದ ಗೆದ್ದರು. ನಮ್ಮ ಪಕ್ಕದ ಮನೆಯ ಫಿಜಿ ಕುಟುಂಬ ಬೀದಿಗೇ ಬಂದು ಕುಣಿಯಿತು, ನಾವೂ ಹೋಗಿ ಸೇರಿಕೊಂಡೆವು. ಆ ಹುಡುಗರಲ್ಲೇ ಎಷ್ಟೋ ಜನ ಅದೇ ಆಗಸ್ಟ್‌ನಲ್ಲಿ ಲಂಡನ್ನಿನ ಟ್ವಿಕನಹ್ಯಾಮ್‌ನಲ್ಲಿ ಇಂಗ್ಲೆಂಡನ್ನು 30-22, ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನು 22-15ರಿಂದ ಸೋಲಿಸಿದ ಫಿಜಿ ತಂಡದಲ್ಲಿದ್ದರು. ವಾರ ವಾರ ದೊಡ್ಡವರ ಜೊತೆ ಆಡಿದರೆ ಹೆದರಿಕೆ ತಾನಾಗೇ ಹೋಗುತ್ತೆ.

ಅರ್ಜೆಂಟೀನಾದ ಕಥೆಯೂ ಇದೇ. 2007ರ ವಿಶ್ವಕಪ್‌ನಲ್ಲಿ ಫ್ರಾನ್ಸನ್ನು ಅವರ ಮನೆಯಲ್ಲೇ ಎರಡು ಸಲ ಸೋಲಿಸಿ ಮೂರನೇ ಸ್ಥಾನ ಪಡೆದರೂ ವರ್ಷ ವರ್ಷ ಆಡೋಕೆ ಒಂದು ಟೂರ್ನಿ ಅಂತ ಸಿಕ್ಕಿದ್ದು 2012ರಲ್ಲಿ. ಮೊದಮೊದಲು ಸೋತರು, ಸೋತರು, 2020ರಲ್ಲಿ ಆಲ್ ಬ್ಲ್ಯಾಕ್ಸ್‌ನ ಮೊದಲ ಸಲ ಸೋಲಿಸಿದರು.

ಲೆಕ್ಕದ_ಪುಟ್ಟಣ್ಣ:
ಎಲ್ಲರೂ ಆಟದ ಬಗ್ಗೆ ಮಾತಾಡ್ತಿದ್ದೀರಿ, ದುಡ್ಡಿನ ಬಗ್ಗೆ ಯಾರೂ ಎತ್ತಲಿಲ್ಲ. ನವೆಂಬರ್‌ನಲ್ಲಿ ಬೇರೆ ದೇಶದವರು ಯುರೋಪಿಗೆ ಬಂದು ಆಡ್ತಾರಲ್ಲ, ಅದರ ಟಿಕೆಟ್ ದುಡ್ಡು ಯಾರಿಗೆ ಹೋಗುತ್ತೆ ಗೊತ್ತಾ? ಯಾರ ಮೈದಾನವೋ ಅವರಿಗೆ. ಟ್ವಿಕನಹ್ಯಾಮ್‌ನಲ್ಲಿ 82,000 ಸೀಟು. ಅಲ್ಲಿ ಆಡೋಕೆ ಬಂದ ತಂಡಕ್ಕೆ ಅದರಲ್ಲಿ ಪಾಲಿಲ್ಲ. 2017ರಲ್ಲಿ ಸಮೋವಾ ಅಲ್ಲಿಗೆ ಬಂದಾಗ ಅವರ ಯೂನಿಯನ್ (ದೇಶದ ರಗ್ಬಿ ಮಂಡಳಿ) ದಿವಾಳಿ ಅಂತ ಅವರ ಪ್ರಧಾನಿಯೇ ಹೇಳಿದ್ದರು. ಇಂಗ್ಲೆಂಡಿನ ಒಬ್ಬ ಆಟಗಾರನಿಗೆ ಆ ಒಂದು ಪಂದ್ಯಕ್ಕೆ ಸುಮಾರು 22,000 ಪೌಂಡ್, ಸಮೋವಾದವನಿಗೆ ಸುಮಾರು 650 ಪೌಂಡ್ ಅಂತ ಆಗ ಪೇಪರ್‌ಗಳಲ್ಲಿ ಬಂದಿತ್ತು. ಕೊನೆಗೆ ಇಂಗ್ಲೆಂಡಿನ ಯೂನಿಯನ್ 75,000 ಪೌಂಡ್ ಕೊಟ್ಟಿತು, ಆದರೆ ಅದು ಪಾಲು ಅಂತ ಅಲ್ಲ, ಸೌಜನ್ಯಕ್ಕೆ ಅಂತ. ಹಕ್ಕಿನ ದುಡ್ಡು ಬೇರೆ, ದಾನದ ದುಡ್ಡು ಬೇರೆ ಅಲ್ವಾ?

ಅವಕಾಶ ಅಂದರೆ ಬರೀ ಲಂಡನ್‌ಗೆ ಕರೆಸಿಕೊಳ್ಳೋದಲ್ಲ ಸ್ವಾಮಿ, ಅವರ ಊರಿಗೆ ಹೋಗೋದು. ಆಲ್ ಬ್ಲ್ಯಾಕ್ಸ್‌ಗೆ ಎಷ್ಟೋ ಸಮೋವನ್ ಮೂಲದ ಆಟಗಾರರು ಆಡಿದ್ದಾರೆ, ಆದರೆ ತಂಡ ಸಮೋವಾದ ರಾಜಧಾನಿ ಆಪಿಯಾದಲ್ಲಿ ಮೊದಲ ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆಡಿದ್ದು 2015ರ ಜುಲೈನಲ್ಲಿ. 25-16, ಒಳ್ಳೇ ಪೈಪೋಟಿಯೇ ಆಯಿತು. ದೊಡ್ಡ ತಂಡ ಅಂತ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಮೊದಲು ಹೋದದ್ದು ಸ್ಕಾಟ್ಲೆಂಡ್, 2019ರಲ್ಲಿ. ಇನ್ನೊಂದು ತಮಾಷೆ ಕೇಳಿ: ಅದೇ ಹೊತ್ತಿಗೆ ಇಂಗ್ಲೆಂಡಿನವರು ತಮ್ಮ ಸ್ಕ್ರಮ್ (ಎರಡೂ ತಂಡದವರು ಹೆಗಲು ಕೊಟ್ಟು ತಳ್ಳಾಡೋದು) ಗಟ್ಟಿ ಮಾಡ್ಕೊಳ್ಳೋಕೆ ಜಾರ್ಜಿಯಾದ ಹುಡುಗರನ್ನು ಅಭ್ಯಾಸಕ್ಕೆ ಕರೆಸಿಕೊಂಡಿದ್ದರು. ಅಭ್ಯಾಸಕ್ಕೆ ಬೇಕು, ಟೂರ್ನಿಗೆ ಬೇಡ.

ಸಿಕ್ಸ್ ನೇಷನ್ಸ್ ಯಾಕೆ ಬಾಗಿಲು ತೆಗೆಯಲ್ಲ ಅಂದರೆ, ಅದರಲ್ಲಿ ದೊಡ್ಡ ಪಾಲು ಆ ಆರು ಯೂನಿಯನ್‌ಗಳದ್ದೇ. ಒಂದು ವರ್ಷ ಕೆಳಗೆ ಬಿದ್ದರೆ ಮನೆಯ ದೊಡ್ಡ ಪಂದ್ಯಗಳ ವರಮಾನ ಹೋಯಿತು. ತನ್ನ ಅನ್ನದ ತಟ್ಟೆಗೆ ತಾನೇ ಯಾರು ಮಣ್ಣು ಹಾಕ್ಕೊಳ್ತಾರೆ? ಜಗತ್ತಿನ ರಗ್ಬಿ ನಡೆಸೋ ವರ್ಲ್ಡ್ ರಗ್ಬಿ ಸಂಸ್ಥೆಯ ಕೌನ್ಸಿಲ್‌ನಲ್ಲೂ ದೊಡ್ಡ ಹತ್ತು ಯೂನಿಯನ್‌ಗಳಿಗೆ ತಲಾ 3 ಓಟು. 2023ರ ನಿರ್ಧಾರ 41-10ರಿಂದ ಪಾಸಾದದ್ದರಲ್ಲಿ ಆಶ್ಚರ್ಯ ಏನಿದೆ.

ಶಿವು_ಹಾಸನ:
ಪುಟ್ಟಣ್ಣ, ದುಡ್ಡಿನ ವಿಷಯ ಸರಿ. ಆದರೆ ಮಾರ್ಕೆಟ್ ಅಂತ ಒಂದಿದೆಯಲ್ಲ, ಟಿವಿಯವರು ಇಂಗ್ಲೆಂಡ್-ರೊಮೇನಿಯಾಗೆ ಎಷ್ಟು ಕೊಡ್ತಾರೆ?

ಈ_ಸಲ_ಸ್ಟ್ಯಾಂಡ್:
ರಗ್ಬಿ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಇದೇ ಮಾತನ್ನು ಕ್ರಿಕೆಟ್‌ನಲ್ಲಿ ಕೇಳಿ ಕೇಳಿ ಸಾಕಾಗಿದೆ. 2011ರ ಮಾರ್ಚ್ 2, ನಮ್ಮ ಚಿನ್ನಸ್ವಾಮಿ. ಐರ್ಲೆಂಡ್ 328 ಹೊಡೀಬೇಕಿತ್ತು, ಕೆವಿನ್ ಓಬ್ರಿಯನ್ 50 ಬಾಲ್‌ಗೆ ಸೆಂಚುರಿ ಹೊಡೆದು ಇಂಗ್ಲೆಂಡಿನ ಕಥೆ ಮುಗಿಸಿದ. ಕೂದಲಿಗೆ ಗುಲಾಬಿ ಬಣ್ಣ ಬೇರೆ. ಪಂದ್ಯದ ಟಿಕೆಟ್ ಸಿಗುತ್ತಿದ್ದರೂ "ಐರ್ಲೆಂಡ್ ತಾನೇ" ಅಂತ ಸುಮ್ನೆ ಮನೆಯಲ್ಲಿದ್ದವರು ಎಷ್ಟು ಜನ ಅಂತ ನಮ್ಮ ಆಫೀಸಿನಲ್ಲಿ ಈಗಲೂ ಜಗಳ ಆಗುತ್ತೆ. ಇಷ್ಟಾದ ಮೇಲೆ ಐಸಿಸಿ ಮಾಡಿದ್ದೇನು? 2019ರ ವಿಶ್ವಕಪ್ ಅನ್ನು ಹತ್ತು ತಂಡಕ್ಕೆ ಇಳಿಸಿತು, ಐರ್ಲೆಂಡ್ ಹೊರಗೆ. ಮಾರ್ಕೆಟ್ ಮಾರ್ಕೆಟ್ ಅಂದರೆ ಕೊನೆಗೆ ಇದೇ ಗತಿ.

ರಗ್ಬಿ_ರಘು:
ಎಲ್ಲರಿಗೂ ಥ್ಯಾಂಕ್ಸ್, ಪುಟ್ಟಣ್ಣ ಹೇಳಿದ ಲೆಕ್ಕ ನನ್ನ ತಲೆಗೇ ಬಂದಿರಲಿಲ್ಲ. ಇಟಲಿಯನ್ನು ಇಳಿಸಿ ಜಾರ್ಜಿಯಾವನ್ನು ಹತ್ತಿಸಿ ಅಂತ ನಾನು ಹೇಳಲ್ಲ. ಇಟಲಿ ಅಷ್ಟು ಸೋತರೂ ಉಳಿದದ್ದರಿಂದಲೇ 2024ರಲ್ಲಿ ಎರಡು ಪಂದ್ಯ ಗೆದ್ದು ಒಂದು ಡ್ರಾ ಮಾಡಿಕೊಳ್ಳೋ ಮಟ್ಟಕ್ಕೆ ಬಂತು. ಆ ತಾಳ್ಮೆ ಜಾರ್ಜಿಯಾ ವಿಷಯದಲ್ಲೂ ಇರಲಿ ಅಂತ ಅಷ್ಟೇ. ಪ್ರತಿ ದೊಡ್ಡ ತಂಡವೂ ಎರಡು ವರ್ಷಕ್ಕೊಮ್ಮೆಯಾದರೂ ಒಂದು ಸಣ್ಣ ದೇಶಕ್ಕೆ ಹೋಗಿ ಆಡಲೇಬೇಕು ಅಂತ ನಿಯಮ ಮಾಡಲಿ, ಟಿಕೆಟ್ ದುಡ್ಡು ಅವರಿಗೇ ಹೋಗಲಿ. ಮೇಲಿನ ಕೆಳಗಿನ ಟೂರ್ನಿಗಳ ನಡುವೆ ಲಯನ್ಸ್ ವರ್ಷ, ವಿಶ್ವಕಪ್ ವರ್ಷಗಳಲ್ಲಿ ಪಂದ್ಯ ಹೆಚ್ಚಿಸ್ತೇವೆ ಅಂತ ಮಾತು ಕೊಟ್ಟಿದ್ದಾರಲ್ಲ, ಅದನ್ನು ಅಲ್ಲಿಂದಲೇ ಶುರು ಮಾಡಬಹುದು.

ಆಕ್ಲೆಂಡ್_ಅನು:
ಒಪ್ಪಿದೆ. ಆದರೆ ಹೋಗೋವಾಗ ಮೊದಲ ತಂಡವನ್ನೇ ಕರ್ಕೊಂಡು ಹೋಗಬೇಕು ಅಂತಲೂ ಸೇರಿಸಿ.

ಶಿವು_ಹಾಸನ:
ಹೂಂ, ಜಾರ್ಜಿಯಾಗೆ ನಾನೂ ಓಟು ಹಾಕ್ತೇನೆ. ರೊಮೇನಿಯಾ ವಿಷಯದಲ್ಲಿ ಮಾತ್ರ ನನ್ನನ್ನು ಒಪ್ಪಿಸೋಕೆ ಇನ್ನೂ ತುಂಬ ಕಷ್ಟ ಪಡಬೇಕಾಗುತ್ತೆ.